ಯಂಕಂಚಿಯಲ್ಲಿ ಬಿದ್ದದ್ದು ಬಿದ್ದಂತಲ್ಲವೆ?

ಲ್ಯಾಪ್‌ಟಾಪ್ ಕಂಪನಿಯಲ್ಲಿ ಸೇವಾ ವಲಯಗಳ ಗಡಿ ಎಳೆಯುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಂಪನಿ ಲ್ಯಾಪ್‌ಟಾಪಿನ ಜೊತೆಗೆ 'ಆಕಸ್ಮಿಕ ಹಾನಿ ರಕ್ಷಣೆ' ಎಂಬ ಭರವಸೆಯನ್ನೂ ಮಾರುತ್ತದೆ. ಯಂತ್ರ ಕೈತಪ್ಪಿ ಬಿದ್ದರೆ, ಮೇಲೆ ಚಹಾ ಚೆಲ್ಲಿದರೆ, ಮನೆಗೆ ಬಂದ ಬೀಗರು ನೋಡದೆ ಅದರ ಮೇಲೆ ಕುಳಿತರೆ ಪುಕ್ಕಟೆ ರಿಪೇರಿ ಮಾಡಿಕೊಡುತ್ತೇವೆ ಎಂಬುದು ಆ ಭರವಸೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಬಿದ್ದ ಲ್ಯಾಪ್‌ಟಾಪಿಗೆ ಅದು ಅನ್ವಯಿಸುವುದಿಲ್ಲ ಎಂದು ನಮಗೆ ತಿಳಿದದ್ದು ಲ್ಯಾಪ್‌ಟಾಪ್ ಬಿದ್ದ ಮೇಲೆ. ಮೊದಲೇ ತಿಳಿಸಿದ್ದರೆ ವಿಜಯಪುರಕ್ಕೆ ಒಯ್ದು, ನಿಮ್ಮ ವಲಯದೊಳಗೆ ಒಂದು ಒಳ್ಳೆಯ ಜಾಗ ನೋಡಿ ಬೀಳಿಸುತ್ತಿದ್ದೆವು. ನಮ್ಮ ಕಡೆಯಿಂದ ಸಹಕಾರದ ಕೊರತೆ ಎಂದೂ ಆಗಿಲ್ಲ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮನಗೂಳಿ, ಹೂವಿನ ಹಿಪ್ಪರಗಿ, ಸಿಂದಗಿ, ಹೀಗೆ ಈ ಜಿಲ್ಲೆಯ ಕಚೇರಿಗಳಲ್ಲೇ ನನ್ನ ತಲೆ ಬೆಳ್ಳಗಾಯಿತು. ಐದು ಎಂಟು ಆರರಿಂದ ಶುರುವಾಗುವ ಪಿನ್ ಕೋಡ್‌ಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಿಮ್ಮ ನಿಯಮ ನನಗೆ ಯಾಕೆ ಇಷ್ಟು ಚುಚ್ಚಿತು ಎಂಬುದು ತಿಳಿಯಲಿ ಎಂದು ಹೇಳುತ್ತಿದ್ದೇನೆ. ಪಿನ್ ಕೋಡನ್ನು ಕಂಡುಹಿಡಿದದ್ದು ಕಾಗದವನ್ನು ಮನೆಗೆ ಮುಟ್ಟಿಸಲು. ಅದೇ ಸಂಖ್ಯೆಯನ್ನು ಹಿಡಿದು ಯಾವ ಮನೆಗೆ ಏನನ್ನೂ ಮುಟ್ಟಿಸಬಾರದು ಎಂದು ತೀರ್ಮಾನಿಸಬಹುದು ಎಂಬ ಶೋಧ ನಿಮ್ಮದು. ನಮ್ಮ ಇಲಾಖೆಯಲ್ಲಿ ಇಷ್ಟು ಬುದ್ಧಿವಂತರು ಇರಲಿಲ್ಲ. ಇದ್ದಿದ್ದರೆ ನಾವೂ ತೋಟದ ವಸ್ತಿಗಳವರೆಗೆ ಸೈಕಲ್ ತುಳಿಯುತ್ತಿರಲಿಲ್ಲ.

ಈಗ ಬಿದ್ದ ಲ್ಯಾಪ್‌ಟಾಪಿನ ವಿಷಯ. ಅದು ನನ್ನದಲ್ಲ, ನನ್ನ ಅಕ್ಕ ಗುಂಡವ್ವನ ಮಗಳು ಸಂಘಮಿತ್ರಾಳದು. ಅವಳು ಕಾನೂನು ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಕಾಲೇಜು ನಡೆಯುವಾಗ ವಿಜಯಪುರದ ಹಾಸ್ಟೆಲಿನಲ್ಲಿರುತ್ತಾಳೆ, ಪರೀಕ್ಷೆಗೆ ಓದಲು ರಜೆ ಕೊಟ್ಟಾಗ ಸಿಂದಗಿ ತಾಲ್ಲೂಕಿನ ಯಂಕಂಚಿಗೆ, ಅಂದರೆ ನಮ್ಮ ಊರಿಗೆ ಬರುತ್ತಾಳೆ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಓದಿ ದಯವಿಟ್ಟು ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಅವಳಿಗೆ ಅದು ಸೇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವಿದೆ. ಅದರ ದನಿಯನ್ನು ಅವಳು ಎಷ್ಟು ವೇಗಕ್ಕೆ ಇಟ್ಟಿದ್ದಾಳೆಂದರೆ ನನಗೆ ಅದು ಬಿಸಿ ಎಣ್ಣೆಗೆ ಸಾಸಿವೆ ಹಾಕಿದಂತೆ ಕೇಳುತ್ತದೆ. ಅವಳಿಗೆ ಮಾತ್ರ ಒಂದೊಂದು ಅಕ್ಷರವೂ ಬಿಡಿಸಿ ಕೇಳುತ್ತದೆ. ಅವಳ ಬೆರಳುಗಳೂ ಅಷ್ಟೇ ವೇಗ.

ಮೊದಲ ವರ್ಷದ ಪರೀಕ್ಷೆಯನ್ನು ಅವಳು ಬೇರೆಯವರ ಕೈಯಲ್ಲಿ ಬರೆಸಿದಳು. ನಿಯಮದ ಪ್ರಕಾರ ಹಾಗೆ ಬರೆಯಲು ಬರುವವರು ಕಾನೂನು ಓದಿರಬಾರದು, ಓದಿನಲ್ಲಿ ಇವಳಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಸಿಕ್ಕಿದವಳು ಪಿಯುಸಿ ಓದುತ್ತಿದ್ದ ಒಬ್ಬ ಪಾಪದ ಹುಡುಗಿ. ಅವಳನ್ನು ದೂರುವುದಿಲ್ಲ, ಮೂರು ತಾಸು ಕೈ ನೋಯುವಂತೆ ಬರೆದಳು. ಆದರೆ ಪರಿಹಾರ ತೆರಬೇಕಾದ ತಪ್ಪಿಗೆ ಕಾನೂನು ಬಳಸುವ 'ಅಪಕೃತ್ಯ' ಎಂಬ ಪದವನ್ನು ಇವಳು ಹೇಳಿದಾಗಲೆಲ್ಲ ಆಕೆ 'ಅಪ್ಪ ಕೃತ್ಯ' ಎಂದು ಬರೆದಳಂತೆ. ಅಪ್ಪನ ಕೃತ್ಯಗಳಿಗೆ ಪರಿಹಾರ ಕೇಳುವ ಹಕ್ಕಿನ ಬಗ್ಗೆ ಪುಟಗಟ್ಟಲೆ ಓದಿದ ಮೌಲ್ಯಮಾಪಕರು ಏನು ತಿಳಿದುಕೊಂಡರೋ, ಸಂಘಮಿತ್ರಾ ಆ ವಿಷಯದಲ್ಲಿ ನಪಾಸಾದಳು. ಅವಳ ತಲೆಯಲ್ಲಿದ್ದದ್ದು ಸರಿಯಾಗಿತ್ತು, ಹಾಳೆಗೆ ಇಳಿದದ್ದು ಬೇರೆಯಾಗಿತ್ತು. ಮನೆಗೆ ಬಂದು ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದಾದ ಮೇಲೆ ಅರ್ಜಿ ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, ಈ ವರ್ಷ ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ತಾನೇ ಉತ್ತರ ಬರೆಯಲು ವಿಶ್ವವಿದ್ಯಾಲಯದ ಅನುಮತಿ ಪಡೆದಳು. ಯಂತ್ರವನ್ನು ತರಿಸಿಕೊಂಡು, ಪರೀಕ್ಷೆಯ ಹೊತ್ತಿನಲ್ಲಿ ಒಳಗಿನ ಪುಸ್ತಕ ಪಾಠ ತೆರೆಯಲು ಬಾರದಂತೆ ವ್ಯವಸ್ಥೆ ಮಾಡಿ, ಪರಿಶೀಲಿಸಿ, ಈ ಯಂತ್ರಕ್ಕೆಂದೇ ಅನುಮತಿ ಕೊಟ್ಟಿದ್ದಾರೆ. ಬೇರೊಬ್ಬರ ಲ್ಯಾಪ್‌ಟಾಪ್ ಇಸಿದುಕೊಳ್ಳಬಹುದಲ್ಲ ಎಂದು ನೀವು ಕೇಳುವ ಮೊದಲೇ ಇದನ್ನು ಹೇಳುತ್ತಿದ್ದೇನೆ. ಬೇರೆಯದಾದರೆ ಮತ್ತೆ ಅರ್ಜಿ, ಮತ್ತೆ ಪರಿಶೀಲನೆ. ಪರೀಕ್ಷೆ ಮುಂದಿನ ತಿಂಗಳು. ಇಷ್ಟರೊಳಗೆ ಅದು ರಿಪೇರಿಯಾಗದಿದ್ದರೆ ಅವಳು ಪುನಃ ಇನ್ನೊಬ್ಬರ ಕೈಗೆ ತನ್ನ ಉತ್ತರ ಒಪ್ಪಿಸಬೇಕು. ಇಲ್ಲಿ ಪಣಕ್ಕಿರುವುದು ಅದು, ಲ್ಯಾಪ್‌ಟಾಪಲ್ಲ.

ಬಿದ್ದದ್ದು ಹೇಗೆ ಎಂಬುದನ್ನು ನಿಮ್ಮ ಕಾಲ್ ಸೆಂಟರಿಗೆ ಆಗಲೇ ವಿವರಿಸಿದ್ದೇನೆ. ಅದು ಹೇಗೆ ದಾಖಲಾಯಿತೋ ಗೊತ್ತಿಲ್ಲದ ಕಾರಣ ಇನ್ನೊಮ್ಮೆ ಬರೆಯುತ್ತೇನೆ. ನಮ್ಮ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ತಂಪಾಗಿರುತ್ತದೆ, ಆದರೆ ಫೋನಿಗೆ ಉಸಿರು ಕಟ್ಟುತ್ತದೆ. ಅಂದು ಬೆಳಿಗ್ಗೆ ಹೊತ್ತು ಏರುವ ಮುಂಚೆ ಸಂಘಮಿತ್ರಾ ತಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಪ್ರಾಧ್ಯಾಪಕರು ಕಳಿಸಿದ ಪಾಠ ಇಳಿಸಿಕೊಳ್ಳುತ್ತಿದ್ದಳು. ಗುಂಡವ್ವ ಅಲ್ಲೇ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದಳು. ಸಂಘಮಿತ್ರಾ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ನೀರು ಕುಡಿಯಲು ಎದ್ದಳು. ಪಕ್ಕ ಎಂದರೆ ಧೋತರದ ಮೂಲೆ. ಅಷ್ಟರಲ್ಲಿ ಒಂದು ಸುಳಿಗಾಳಿ ಎದ್ದಿತು. ಸಂಡಿಗೆಗೆ ಮಣ್ಣು ಬೀಳುತ್ತದೆಂದು ಗುಂಡವ್ವ ಧೋತರದ ಆ ತುದಿಯನ್ನು ಹಿಡಿದು ಜಗ್ಗಿ ಮಡಚಿದಳು. ಲ್ಯಾಪ್‌ಟಾಪ್ ಜಾರಿ ಬೆಳಕಿಂಡಿಯೊಳಗೆ ಹೋಯಿತು. ಬೆಳಕಿಂಡಿಯ ಕೆಳಗೆ ಅಡುಗೆಮನೆ. ಅಡುಗೆಮನೆಯಲ್ಲಿ ಸರಿಯಾಗಿ ಅದರ ಕೆಳಗೆ ಬೀಸುವ ಕಲ್ಲು.

ಸಂಡಿಗೆ ಒಂದೂ ಹಾಳಾಗಲಿಲ್ಲ. ಲ್ಯಾಪ್‌ಟಾಪಿನ ಪರದೆಗೂ ಒಂದು ಗೀರು ಬೀಳಲಿಲ್ಲ. ಒಳಗಿನ ಮುಖ್ಯ ಬೋರ್ಡ್ ಮಾತ್ರ ಸೀಳಿಹೋಗಿ ಯಂತ್ರ ಪೂರ್ತಿ ಸತ್ತಿತು. ಅವಳಿಗೆ ಯಾವ ಉಪಯೋಗವೂ ಇಲ್ಲದ ಭಾಗವೊಂದೇ ಸುರಕ್ಷಿತವಾಗಿ ಉಳಿದದ್ದನ್ನು ನೋಡಿ ನಿಮ್ಮ ಯಂತ್ರದ ಗುಣಮಟ್ಟದ ಬಗ್ಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಗುಂಡವ್ವ ಆ ಸಂಡಿಗೆಯನ್ನು ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದಾಳೆ. ಈವರೆಗೆ ಒಂದನ್ನೂ ಕರಿದಿಲ್ಲ, ಯಾರೂ ಕೇಳಿಯೂ ಇಲ್ಲ.

ನಿಮ್ಮ ಕಾಲ್ ಸೆಂಟರಿನಲ್ಲಿ ಫೋನೆತ್ತಿದ ಹುಡುಗಿ ಬಹಳ ಸಭ್ಯಳು. ಬೆಂಗಳೂರು ಕಡೆಯ ಕನ್ನಡ. ನಮ್ಮಿಬ್ಬರ ಮಾತುಕತೆಯನ್ನು ಗುಣಮಟ್ಟದ ಉದ್ದೇಶಕ್ಕಾಗಿ ಧ್ವನಿಮುದ್ರಿಸಿಕೊಂಡಿದ್ದೀರಂತೆ, ಬೇಕಾದರೆ ತಾಳೆ ನೋಡಿಕೊಳ್ಳಿ.

"ಎಲ್ಲಿಂದ ಬಿತ್ತು ಸಾರ್? ಟೇಬಲ್ಲಾ, ಮಂಚನಾ, ಕೈಯಿಂದನಾ?"

"ಮಾಳಗಿ ಮ್ಯಾಲಿಂದ ಬೆಳಕಿಂಡ್ಯಾಗ ಬಿತ್ರಿ."

"ಕಿಟಕಿಯಿಂದಾನಾ?"

"ಕಿಟಕಿ ಅಲ್ರಿ, ಬೆಳಕಿಂಡಿ. ಮಾಳಗಿಗೆ ಒಂದು ತೂತು ಇರ್ತೈತಲ್ರಿ, ಅದು."

"ಅಯ್ಯೋ, ನಿಮ್ಮ ಮನೆ ಛಾವಣಿ ತೂತಾಗಿದೆಯಾ ಸಾರ್?"

"ತೂತ ಆಗಿಲ್ರಿ, ಮೊದಲಿಂದ ಐತ್ರಿ. ನಾವ ಬಿಟ್ಟೇವಿ."

"ಯಾಕ್ ಬಿಟ್ಟಿದೀರಾ?"

"ಬೆಳಕು ಬರಲಿ ಅಂತ್ರಿ."

ಆ ಕಡೆಯಿಂದ ಟೈಪ್ ಮಾಡುವ ಸದ್ದು ಕೇಳಿತು, ಆಮೇಲೆ ಅಳಿಸುವ ಸದ್ದು.

"ಮಳೆ ಬಂದ್ರೆ ಏನ್ ಮಾಡ್ತೀರಾ ಸಾರ್?"

"ಮುಚ್ತೇವ್ರಿ."

"ಲ್ಯಾಪ್‌ಟಾಪ್ ಬೀಳೋವಾಗ ಯಾಕೆ ಮುಚ್ಚಿರಲಿಲ್ಲ?"

"ಮಳಿ ಇರಲಿಲ್ರಿ."

ಆಕೆ ಅದನ್ನು 'ಕಟ್ಟಡದ ದೋಷ' ಎಂದು ಬರೆದುಕೊಂಡಳು. ನಮ್ಮ ತಾತಂದಿರ ಕಾಲದಿಂದ ಒಲೆಯ ಹೊಗೆಯನ್ನು ಹೊರಗೆ ಕಳಿಸಿ, ಬೆಳಕನ್ನು ಒಳಗೆ ಕರೆದುಕೊಳ್ಳುತ್ತಿದ್ದ ಬೆಳಕಿಂಡಿ ದೋಷ ಎನ್ನಿಸಿಕೊಂಡದ್ದು ಅದೇ ಮೊದಲು. ಇರಲಿ. ನಾನು ತಕರಾರು ತೆಗೆಯಲಿಲ್ಲ, ರಿಪೇರಿ ಆದರೆ ಸಾಕಾಗಿತ್ತು. ಆಮೇಲೆ ಆಕೆ ಪಿನ್ ಕೋಡ್ ಕೇಳಿದಳು. ನನ್ನ ವಿಷಯ ಬಂತಲ್ಲ ಎಂದು ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. "ಈ ಪಿನ್ ಕೋಡ್ ಅಮಾನ್ಯ ಅಂತ ತೋರಿಸ್ತಿದೆ ಸಾರ್" ಎಂದಳು. ಸಿಂದಗಿಯಲ್ಲಿ ವರ್ಷಗಟ್ಟಲೆ ನಾನು ಠಸ್ಸೆ ಒತ್ತಿದ ಸಂಖ್ಯೆ ಅದು. ಆ ಸಂಖ್ಯೆಯನ್ನು ನಂಬಿ ನೇಮಕಾತಿ ಆದೇಶಗಳು, ಪಿಂಚಣಿಯ ಮನಿಯಾರ್ಡರುಗಳು, ಗಡಿಯಿಂದ ಸೈನಿಕರು ಬರೆದ ಕಾಗದಗಳು ಬಂದಿವೆ. ಅವೆಲ್ಲ ಅಮಾನ್ಯ ವಿಳಾಸಕ್ಕೆ ಬಂದು ಮುಟ್ಟಿದವು ಎಂದು ತಿಳಿದು ನನಗೆ ಆಶ್ಚರ್ಯವಾಯಿತು.

"ಹೋಗ್ಲಿ ಬಿಡಿ ಸಾರ್, ಯಾವೂರು ಹೇಳಿ" ಎಂದಳು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಒಂದು ಚಟವಿದೆ. ಹೊರಗಿನವರು ಯಾವೂರು ಎಂದು ಕೇಳಿದರೆ ನಾವು ನಮ್ಮ ಊರಿನ ಹೆಸರು ಹೇಳುವುದಿಲ್ಲ, ಬಿಜಾಪುರ ಎನ್ನುತ್ತೇವೆ. ಊರಿನ ಹೆಸರು ಹೇಳಿದರೆ ಅದೆಲ್ಲಿ ಬರುತ್ತದೆ ಎನ್ನುತ್ತಾರೆ, ತಾಲ್ಲೂಕು ಹೇಳಬೇಕು, ಅದೂ ತಿಳಿಯದೆ ಕಡೆಗೆ ಬಿಜಾಪುರಕ್ಕೇ ಬರಬೇಕು. ಅದಕ್ಕೆ ಮೊದಲೇ ಅಲ್ಲಿಗೆ ಹೋಗಿಬಿಡುತ್ತೇವೆ. ಸರಕಾರ ಆ ನಗರಕ್ಕೆ ವಿಜಯಪುರ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು, ಆದರೆ ನಮ್ಮ ನಾಲಿಗೆಗೆ ಆ ಆದೇಶದ ಪ್ರತಿ ಇನ್ನೂ ಬಂದಿಲ್ಲ. ಹೀಗಾಗಿ ನನ್ನ ಬಾಯಿಂದಲೂ ಬಿಜಾಪುರ ಎಂದೇ ಬಂತು. ನಿಮ್ಮ ಕಂಪ್ಯೂಟರ್ ಹುಡುಕಿತು. ಅದಕ್ಕೆ ಸಿಕ್ಕದ್ದು ಛತ್ತೀಸಗಡದ ಬಿಜಾಪುರ. "ಆ ಜಿಲ್ಲೇಲಿ ನಮ್ಮ ಸೇವೆ ಇಲ್ಲ ಸಾರ್, ಅಲ್ಲಿ ಬರೀ ಕಾಡು ಅಂತ ಇದೆ" ಎಂದಳು ಆ ಹುಡುಗಿ. ನಮ್ಮಲ್ಲಿ ಬೇವಿನ ಗಿಡದ ನೆರಳು ಸಿಕ್ಕರೇ ಪುಣ್ಯ ಎಂದೆ.

ತಪ್ಪು ತಿದ್ದಿಕೊಂಡು ವಿಜಯಪುರ ಎಂದೆ. ಈ ಸಲ ಕಂಪ್ಯೂಟರ್ ಖುಷಿಯಾಯಿತು. "ವಲಯದೊಳಗೇ ಇದೆ ಸಾರ್! ನಾಳೆ ಮನೆಗೇ ಬರ್ತಾರೆ." ನಾನು ನಿಮ್ಮ ಕಂಪನಿಯನ್ನು ಮನಸಾರೆ ಹೊಗಳಿದೆ. ಗುಂಡವ್ವ ಬರುವವರಿಗೆಂದು ಅವಲಕ್ಕಿ ಹಚ್ಚಿಟ್ಟಳು. ಮರುದಿನ ತಂತ್ರಜ್ಞನ ಫೋನ್ ಬಂತು. "ಸಾರ್, ಯಂಕಂಚಿ ಅಂದ್ರೆ ಯಾವ ಲೇಔಟ್? ನಾನ್ ಬಸ್ ಸ್ಟ್ಯಾಂಡ್ ಹತ್ರ ನಿಂತಿದೀನಿ." ನಾನು ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿನ ಕಟ್ಟೆಯ ಮೇಲೇ ಕುಳಿತಿದ್ದೆ. ಅಲ್ಲಿ ಎರಡು ಆಡು ಬಿಟ್ಟರೆ ಯಾರೂ ಇರಲಿಲ್ಲ. ಕೈ ಎತ್ತಿ ಎಂದೆ, ಎತ್ತಿದೆ ಎಂದ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಶ್ರದ್ಧೆಯಿಂದ ಹುಡುಕಿದೆವು. ಆತ ನಿಂತಿದ್ದದ್ದು ದೇವನಹಳ್ಳಿಯ ಹತ್ತಿರದ ವಿಜಯಪುರದಲ್ಲಿ. ಒಳ್ಳೆಯ ಹುಡುಗ, ಕ್ಷಮೆ ಕೇಳಿದ. ನಾನೂ ಕೇಳಿದೆ. ಆ ದಿನ ಯಾರೂ ತಪ್ಪು ಮಾಡಿರಲಿಲ್ಲ, ಕೆಲಸ ಮಾತ್ರ ಆಗಿರಲಿಲ್ಲ.

ಮೂರನೆಯ ಸಲ ಮಾತನಾಡಿದಾಗ ನಿಜವಾದ ಜಿಲ್ಲೆ ಸಿಕ್ಕಿತು, ನಿಮ್ಮ ನಿಯಮವೂ ಸಿಕ್ಕಿತು. ಇ-ಮೇಲಿನಲ್ಲಿ ಬಂದ ಉತ್ತರ ಹೀಗಿತ್ತು: 'ಹಾನಿಯು ಸೇವಾ ವಲಯದೊಳಗೆ ಸಂಭವಿಸಿರತಕ್ಕದ್ದು. ವಿಜಯಪುರ ನಗರ ಮಾತ್ರ ಸೇವಾ ವಲಯದಲ್ಲಿದ್ದು, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಒಳಪಡುವುದಿಲ್ಲ.' 'ಸಂಭವಿಸಿರತಕ್ಕದ್ದು' ಎಂಬ ಪದದ ಮೇಲೆ ನಾನು ಬಹಳ ಹೊತ್ತು ಕಣ್ಣಿಟ್ಟೆ. ನಿಮ್ಮವರು ನಮ್ಮೂರಿಗೆ ಬರುವುದು ದುಬಾರಿಯಾಗುತ್ತದೆ ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಬರಬೇಡಿ ಮಹಾರಾಯರೇ, ನಾವೇ ಹೊತ್ತು ತರುತ್ತೇವೆ, ಹೇಗೂ ಎಲ್ಲದಕ್ಕೂ ವಿಜಯಪುರಕ್ಕೇ ಬರುವವರು ನಾವು. ಆದರೆ ನಿಮ್ಮ ನಿಯಮ ಯಂತ್ರ ಈಗ ಎಲ್ಲಿದೆ ಎಂದು ಕೇಳುವುದಿಲ್ಲ, ಎಲ್ಲಿ ಬಿತ್ತು ಎಂದು ಕೇಳುತ್ತದೆ. ಅದನ್ನು ಎಲ್ಲಿಗೆ ಒಯ್ದರೂ ಅದು ಯಂಕಂಚಿಯಲ್ಲಿ ಬಿದ್ದ ಲ್ಯಾಪ್‌ಟಾಪಾಗಿಯೇ ಉಳಿಯುತ್ತದೆ. ಈ ಊರಿನಲ್ಲಿ ಹುಟ್ಟಿದವರ ಗತಿಯೂ ಎಷ್ಟೋ ಕಚೇರಿಗಳಲ್ಲಿ ಹೀಗೇ ಇದೆ, ಆ ಮಟ್ಟಿಗೆ ನೀವು ಯಂತ್ರಕ್ಕೂ ಮನುಷ್ಯರಿಗೂ ಭೇದ ಮಾಡಿಲ್ಲ.

ಮಾರುವಾಗ ಈ ವಲಯ ಎಲ್ಲಿತ್ತು ಎಂದು ಕೇಳಬಹುದೇ? ಈ ಲ್ಯಾಪ್‌ಟಾಪನ್ನು, ಈ ರಕ್ಷಣೆಯ ಸಮೇತ, ಕೊಂಡದ್ದು ಸಿಂದಗಿಯ ಯುವರಾಜ ಎಂಬವನ ಅಂಗಡಿಯಲ್ಲಿ. ಅಂಗಡಿಯ ಮೇಲೆ ನಿಮ್ಮ ಕಂಪನಿಯ ಫಲಕ ಈಗಲೂ ಇದೆ, ರಾತ್ರಿ ದೀಪವೂ ಹತ್ತುತ್ತದೆ. ಸುದ್ದಿ ತಿಳಿಸಿದಾಗ ಆ ಯುವರಾಜ ತನ್ನ ಕಪಾಟಿನ ಕಡೆ ನೋಡಿ, "ಅಂದ್ರ ಕಾಕಾ, ಇಲ್ಲಿ ನನ್ನ ಅಂಗಡ್ಯಾಗ ಬಿದ್ರೂ ಕೊಡೂದಿಲ್ಲ ಅಂದಂಗಾತಲ್ರಿ?" ಎಂದ. ಅಂದಂಗಾತು ಎಂದೆ. ಸಿಂದಗಿಯಲ್ಲಿ ಮಾರಬಹುದು, ಸಿಂದಗಿಯಲ್ಲಿ ಬೀಳಬಾರದು. ಪೆಟ್ಟಿಗೆ ಕಟ್ಟಿಸಿಕೊಂಡು ಮನೆಗೆ ಹೋಗುವಾಗ ಕಾಲು ಜಾರಿದರೆ ಒಡೆದ ಮಾಲು ನಮ್ಮದು, ಪಾಲಿಸಿಯ ದುಡ್ಡು ನಿಮ್ಮದು.

ನಿಮ್ಮ ಗಡಿಯನ್ನು ಕಣ್ಣಾರೆ ನೋಡಬೇಕೆಂದು ನನಗೆ ಆಸೆಯಿದೆ. ವಿಜಯಪುರದಿಂದ ಮನಗೂಳಿಯ ದಾರಿಯಲ್ಲಿ ಬಸ್ಸು ಹೋಗುವಾಗ ಅದು ಸರಿಯಾಗಿ ಎಲ್ಲಿ ಬರುತ್ತದೆ? ಪೆಟ್ರೋಲ್ ಬಂಕಿನ ಈಚೆಗೋ ಆಚೆಗೋ? ಬಸ್ಸಿನ ಮುಂದಿನ ಸೀಟಿನಲ್ಲಿ ಬಿದ್ದ ಲ್ಯಾಪ್‌ಟಾಪಿಗೆ ರಕ್ಷಣೆ ಹೋಗಿ, ಹಿಂದಿನ ಸೀಟಿನಲ್ಲಿ ಬಿದ್ದದ್ದಕ್ಕೆ ಇನ್ನೂ ಉಳಿದಿರುವ ಒಂದು ಕ್ಷಣ ಇರಲೇಬೇಕಲ್ಲ? ಅಲ್ಲೊಂದು ಫಲಕ ನೆಡಿಸಿ: 'ಸೇವಾ ವಲಯ ಇಲ್ಲಿಗೆ ಮುಗಿಯಿತು, ನಿಮ್ಮ ವಸ್ತುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.' ಕಂಡಕ್ಟರ್ ಕೂಗಿ ಹೇಳಲಿ. ಮುದ್ದೇಬಿಹಾಳದಲ್ಲಿ ವಸ್ತುಗಳು ಬೇರೆ ರೀತಿ ಬೀಳುತ್ತವೆಯೇ? ಇಂಡಿಯ ನೆಲ ವಿಜಯಪುರದ ನೆಲಕ್ಕಿಂತ ಗಟ್ಟಿಯೇ? ಬಾಗೇವಾಡಿಯವರ ಕೈ ಜಾರುವುದು ಹೆಚ್ಚೆಂದು ಯಾರಾದರೂ ಸಮೀಕ್ಷೆ ಮಾಡಿ ವರದಿ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಅದರ ಪ್ರತಿ ಕಳಿಸಿ, ನಾವು ಕೈ ತಿದ್ದಿಕೊಳ್ಳುತ್ತೇವೆ. ನಮ್ಮ ಕಚೇರಿಯಲ್ಲಿ ಒಂದು ಲಕೋಟೆಗೆ ಹಚ್ಚುವ ಚೀಟಿ ಪಕ್ಕದ ಓಣಿಗೂ ಅದೇ, ದಿಲ್ಲಿಗೂ ಅದೇ. ದೂರ ಎಂಬ ಕಾರಣಕ್ಕೆ ಚೀಟಿ ಹಚ್ಚಿಸಿಕೊಂಡು ಲಕೋಟೆ ಒಯ್ಯದೆ ಇಟ್ಟುಕೊಂಡಿದ್ದರೆ ನನ್ನನ್ನು ಕೆಲಸದಿಂದ ಅಮಾನತು ಮಾಡುತ್ತಿದ್ದರು. ನಿಮ್ಮಲ್ಲಿ ಅದಕ್ಕೆ ಬಡ್ತಿ ಸಿಗುತ್ತದೆಂದು ತೋರುತ್ತದೆ.

ಆದರೂ ಮನಸ್ಸು ತಡೆಯದೆ ಸಂಘಮಿತ್ರಾಳನ್ನೂ ಲ್ಯಾಪ್‌ಟಾಪನ್ನೂ ಕರೆದುಕೊಂಡು ವಿಜಯಪುರದ ನಿಮ್ಮ ಸೇವಾ ಕೇಂದ್ರಕ್ಕೆ ಹೋದೆ. ಅಲ್ಲಿ ಕೌಂಟರಿನಲ್ಲಿದ್ದ ಹೆಣ್ಣುಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೀವು ಆಕೆಯನ್ನು ಕೆಲಸದಿಂದ ತೆಗೆಯುತ್ತೀರಿ ಎಂಬ ಅನುಮಾನ ನನಗಿದೆ ಎಂದಲ್ಲ. ಇದೆ. ಆಕೆ ನಮ್ಮ ಕಡೆಯವಳೇ. ಎಲ್ಲಿ ಬಿತ್ತೆಂದು ಕೇಳಿದಳು. ಯಂಕಂಚಿ ಎಂದು ಸಂಘಮಿತ್ರಾ ಹೇಳಿದ ಕೂಡಲೆ ಬರೆಯುವುದನ್ನು ನಿಲ್ಲಿಸಿ, ಆಚೀಚೆ ನೋಡಿ ದನಿ ಇಳಿಸಿದಳು.

"ಅಕ್ಕಾರ, ಹಂಗ ಅನ್ನಬ್ಯಾಡ್ರಿ. ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಇಳಿಯೂ ಮುಂದ ಬಿತ್ತು ಅನ್ರಿ. ಎಲ್ಲಾರೂ ಹಂಗ ಅಂತಾರ. ಇಂಡಿಯವ್ರದು, ಮುದ್ದೇಬಿಹಾಳದವ್ರದು, ಎಲ್ಲಾರ್ದೂ ಬಸ್ ಸ್ಟ್ಯಾಂಡಿನ್ಯಾಗನ ಬೀಳ್ತಾವ."

ನಿಮ್ಮ ದಾಖಲೆಗಳಲ್ಲಿ ವಿಜಯಪುರದ ಬಸ್ ನಿಲ್ದಾಣ ಭಾರಿ ಅಪಾಯದ ಸ್ಥಳವೆಂದು ಕಾಣುತ್ತಿರಬೇಕು. ಅಲ್ಲಿ ಅಷ್ಟೊಂದು ಲ್ಯಾಪ್‌ಟಾಪ್‌ಗಳು ಯಾಕೆ ಬೀಳುತ್ತವೆ ಎಂದು ನಿಮ್ಮ ಸಭೆಗಳಲ್ಲಿ ಚರ್ಚೆಯಾಗಿದ್ದರೆ, ಕಾರಣ ನೀವೇ. ನಾನು ಆ ಹೆಣ್ಣುಮಗಳ ಮಾತಿಗೆ ತಲೆಯಾಡಿಸಿದೆ. ಸಂಘಮಿತ್ರಾಳ ಮೊಣಕೈ ಮುಟ್ಟಿ, "ಸುಮ್ಮನ ಹೂಂ ಅನ್ನವಾ" ಎಂದೆ.

"ಬಿದ್ದದ್ದು ಯಂಕಂಚ್ಯಾಗ್ರಿ" ಎಂದಳು ಅವಳು. "ಯಂಕಂಚಿ ಅಂತನ ಬರಕೋರಿ."

"ಸಂಘೂ, ಪರೀಕ್ಷಾ ಮುಂದ ಐತಿ."

"ಮಾಮಾ, ನಾಳೆ ಕೋರ್ಟಿನ್ಯಾಗ ನಿಂತು ಖರೇ ಹೇಳ್ರಿ ಅಂತ ಮಂದೀಗೆ ಕೇಳಾಕಿ ನಾನು. ಪರೀಕ್ಷಾ ಬರಿಯಾಕ ಸುಳ್ಳು ಹೇಳಿ ಪಾಸಾದ್ರ ಏನ್ ಚಂದ? ಅಷ್ಟಕ್ಕೂ ಯಂಕಂಚಿ ಅನ್ನೂದು ಏನ್ ಬೈಗಳೇನು, ಮಂದಿ ಮುಂದ ಮುಚ್ಚಿಡಾಕ?"

ಕೌಂಟರಿನ ಹೆಣ್ಣುಮಗಳು ಯಂಕಂಚಿ ಎಂದು ಬರೆದಳು. ಕಂಪ್ಯೂಟರ್ ತಕ್ಷಣ ನಿರಾಕರಿಸಿತು. ಆಕೆ ಲ್ಯಾಪ್‌ಟಾಪನ್ನು ಬಟ್ಟೆಯಿಂದ ಒರೆಸಿ, ಚೀಲಕ್ಕೆ ಹಾಕಿ, ಚೀಲದ ಹಿಡಿಕೆಯನ್ನು ಇವಳ ಕೈಗೇ ಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಂಘಮಿತ್ರಾಳ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಒಂದು ಸಣ್ಣ ಸುಳ್ಳಿಗೆ ಇಷ್ಟು ಹಟವೇ ಎಂದು ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ. ಊರು ಬರುವಷ್ಟರಲ್ಲಿ, ಆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ ಎಂಬುದು ತಿಳಿಯಿತು. ತಪ್ಪು ವಿಳಾಸಕ್ಕೆ ಹೋದದ್ದನ್ನು ಸರಿಯಾದವರಿಗೆ ಮರುರವಾನಿಸುವುದು ನನ್ನ ಹಳೆಯ ಉದ್ಯೋಗ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಯಾಕೆಂದರೆ ನಿಮ್ಮ ನಿಯಮ ರಿಪೇರಿಯನ್ನು ನಿಲ್ಲಿಸಿಲ್ಲ, ಗಮನಿಸಿ. ಸುಳ್ಳು ಹೇಳಿದವರ ಯಂತ್ರಗಳು ರಿಪೇರಿಯಾಗುತ್ತಲೇ ಇವೆ. ಇಲ್ಲಿಯ ರೈತರು, ಮಾಸ್ತರರು, ಅಂಗಡಿಯವರು, ಒಳ್ಳೆಯ ಮಂದಿ, ಬೆಳಿಗ್ಗೆ ಎದ್ದು ಬಸ್ಸು ಹತ್ತಿ ನಿಮ್ಮ ಕೌಂಟರಿಗೆ ಬಂದು ತಮ್ಮ ಊರನ್ನು ಇಲ್ಲವೆಂದು ಹೇಳಿ ಯಂತ್ರ ಸರಿಮಾಡಿಸಿಕೊಂಡು ಹೋಗುತ್ತಾರೆ. ಖರೇ ಹೇಳಿದವಳು ಒಬ್ಬಳು ಬಂದಳು, ಅವಳ ಯಂತ್ರವನ್ನು ವಾಪಸು ಕಳಿಸಿದಿರಿ. ಹಣ ಉಳಿಸಲು ಮಾಡಿದ ನಿಯಮ ಎಂದು ನೀವು ಹೇಳಬಹುದು. ಅದು ಉಳಿಸಿದ್ದು ಅವಳೊಬ್ಬಳ ಬೋರ್ಡಿನ ದುಡ್ಡು. ಇದು ನಿಮ್ಮ ಕಂಪನಿಗೆ ಎಷ್ಟು ಲಾಭ ತಂದಿದೆಯೋ ನನಗೆ ಗೊತ್ತಿಲ್ಲ, ನನಗಂತೂ ಹೇಸಿಗೆ ತಂದಿದೆ.

ಈಗ ನಾನು ಅಚ್ಚಿನ ಪುಸ್ತಕಗಳನ್ನು ಇಸಿದುಕೊಂಡು ಬಂದು ಅವಳಿಗೆ ಪಾಠ ಓದಿ ಹೇಳುತ್ತೇನೆ. ಫೋನೂ ಓದುತ್ತದೆ, ಆದರೆ ಅದು ಓದಬಲ್ಲ ಅವಳ ಪುಸ್ತಕಗಳೆಲ್ಲ ಸತ್ತ ಯಂತ್ರದೊಳಗೆ ಇವೆ. ನನ್ನ ಓದು ಅವಳಿಗೆ ಎತ್ತಿನ ಗಾಡಿ. ಅಡಿಟಿಪ್ಪಣಿ ಬಂದಾಗ ಹಾರಿಸುತ್ತೇನೆ, ಹಿಡಿದು ಹಾಕುತ್ತಾಳೆ. ಮಧ್ಯಾಹ್ನ ಊಟದ ಮೇಲೆ ಕರಾರು ಕಾಯ್ದೆ ಓದುತ್ತ ನಿದ್ದೆ ಹೋಗುತ್ತೇನೆ, ಎಬ್ಬಿಸುವುದಿಲ್ಲ. ಒಂದೇ ಪುಟವನ್ನು ನಾಲ್ಕನೆಯ ಸಲ ಓದೆಂದು ಯಂತ್ರಕ್ಕೆ ಹೇಳಿದಷ್ಟು ಸಲೀಸಾಗಿ ನನಗೆ ಹೇಳಲು ಅವಳಿಗೆ ಆಗುವುದಿಲ್ಲ. ಮೊನ್ನೆ ಬಾಗಿಲಲ್ಲಿ ಬಂದು ನಿಂತು, "ಮಾಮಾ, ನಿಮಗ ಪುರುಸೊತ್ತ ಐತೇನ್ರಿ?" ಎಂದು ಕೇಳಿದಳು. ಈ ಲ್ಯಾಪ್‌ಟಾಪ್ ಬಂದ ಮೇಲೆ ಅವಳು ಓದಿಗಾಗಿ ಯಾರ ಪುರುಸೊತ್ತನ್ನೂ ಕೇಳಿರಲಿಲ್ಲ. ನನಗೆ ಪುರುಸೊತ್ತು ಬೇಕಾದಷ್ಟಿದೆ, ಆದರೆ ಅದನ್ನು ಅವಳು ಕೇಳಿ ಪಡೆಯಬೇಕಾಗಿ ಬಂತಲ್ಲ.

ಅವಳ ಪರವಾಗಿ ಬರೆಯುವವರ ಹೆಸರು ಕಳಿಸಿ ಎಂದು ಕಾಲೇಜಿನಿಂದ ಸೂಚನೆ ಬಂದಿದೆ. ನಾನೇ ಬರುತ್ತೇನೆ ಎಂದೆ. ಪದವೀಧರರು ಬರುವಂತಿಲ್ಲವಂತೆ. ಇಷ್ಟು ವರ್ಷಗಳ ಮೇಲೆ ನನ್ನ ಪದವಿ ಒಂದು ಉಪಯೋಗಕ್ಕೆ ಬಂತು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟು. 'ಸೇವಾ ವಲಯದೊಳಗೆ ಸಂಭವಿಸಿರತಕ್ಕದ್ದು' ಎಂಬ ಸಾಲನ್ನು ಹೊಡೆದುಹಾಕಿ. ಎಲ್ಲಿ ಮಾರುತ್ತೀರೋ ಅಲ್ಲಿ ಬಿದ್ದದ್ದನ್ನು ಬಿದ್ದದ್ದೆಂದು ಒಪ್ಪಿಕೊಳ್ಳಿ. ಒಪ್ಪಲು ಆಗದಿದ್ದರೆ ನಾಲ್ಕೂ ತಾಲ್ಲೂಕುಗಳ ಅಂಗಡಿಗಳಿಂದ ನಿಮ್ಮ ಫಲಕ ಇಳಿಸಿ, ನಾವು ನೋಡಿ ಬೇರೆ ಕಂಪನಿಯದನ್ನು ಕೊಳ್ಳುತ್ತೇವೆ. ಇವೆರಡಕ್ಕೂ ಸಭೆ ಸೇರಬೇಕು, ಟಿಪ್ಪಣಿ ಬರೆಯಬೇಕು, ಸಮಯ ಬೇಕು ಎಂದು ಬಲ್ಲೆ, ನಾನೂ ಕಚೇರಿಯಲ್ಲಿ ಕುಳಿತವನೇ. ಆದರೆ ಸಂಘಮಿತ್ರಾಳ ಯಂತ್ರ ಅದಕ್ಕಾಗಿ ಕಾಯಲಾರದು. ಅದನ್ನು ಈ ವಾರವೇ ಸರಿಮಾಡಿಸಿ. ಬಿದ್ದ ಸ್ಥಳ ಎಂಬಲ್ಲಿ ಯಂಕಂಚಿ ಎಂದೇ ಬರೆದು ಸರಿಮಾಡಿಸಿ.

ನಿನ್ನೆ ಮಧ್ಯಾಹ್ನ ಅವಳ ಮನೆಗೆ ಹೋದಾಗ ಪಡಸಾಲೆಯಿಂದ ಕೀಲಿಗಳ ಟಕಟಕ ಸದ್ದು ಕೇಳಿಸಿತು. ಯಂತ್ರ ಹೇಗೋ ಜೀವ ಹಿಡಿದಿದೆ ಎಂದುಕೊಂಡು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದೆ. ಸಂಘಮಿತ್ರಾ ಗೋಡೆಗೆ ಆತು ಕುಳಿತು, ಸತ್ತ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಟೈಪ್ ಮಾಡುತ್ತಿದ್ದಳು. ಪರದೆ ಕಪ್ಪಾಗಿತ್ತು. ಏನು ಮಾಡುತ್ತಿದ್ದೀ ಎಂದು ಕೇಳಿದೆ.

"ಹ್ವಾದ ವರ್ಷದ ಪ್ರಶ್ನೆಪತ್ರಿಕೆ ಬಿಡಸಾಕತ್ತೇನ್ರಿ ಮಾಮಾ" ಎಂದಳು, ಬೆರಳು ನಿಲ್ಲಿಸದೆ. "ಅಪಕೃತ್ಯದ ಪ್ರಶ್ನಾ. ಈ ಸಲ ಪೂರಾ ಬರದೇನಿ."

ಇಂತಿ,
ಅವಳ ಉತ್ತರವನ್ನು ಓದಲಾಗದೆ ನಿಂತವನು,
ಧರ್ಮರಾಜ, ನಿವೃತ್ತ ಪೋಸ್ಟ್ ಮಾಸ್ತರ್
ಯಂಕಂಚಿ, ತಾಲ್ಲೂಕು ಸಿಂದಗಿ
(ಪಿನ್ ಕೋಡ್ ಅಮಾನ್ಯವಾದ್ದರಿಂದ ಬರೆದಿಲ್ಲ)